ಜಗಲಿಯ ಹರಟೆಯೂ ಒಲೆಯ ಹೊಗೆಯೂ

ಹರಟೆಯನ್ನು ವಿಮರ್ಶೆಯ ತಕ್ಕಡಿಯಲ್ಲಿ ತೂಗುವುದು ಹಪ್ಪಳ ಮುರಿಯಲು ಸುತ್ತಿಗೆ ಎತ್ತಿದಂತೆ ಎಂದು ಹಿರಿಯ ಮಿತ್ರರೊಬ್ಬರು ಹೇಳುವುದುಂಟು. ಆದರೂ ಈ ವಾರ ಆ ಅಪಚಾರಕ್ಕೆ ಮನಸ್ಸು ಮಾಡಿದ್ದೇನೆ. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಲ್ಲಿ ಬಸ್ಸಿಗೆ ಕಾಯುತ್ತ ಕುಳಿತಾಗ ಕಿವಿಗೆ ಬಿದ್ದ ಒಂದು ಹರಟೆಯೇ ಇದಕ್ಕೆ ಕಾರಣ.

ಜಗಲಿಯ ಮೇಲೆ ನಾಲ್ವರು ಹಿರಿಯರು. ಮಾತು ಊರಿನ ಹೆಸರಿನಿಂದ ಮೊದಲಾಯಿತು. ‘ಸಂದ್ರ’ವೆಂದರೆ ಸಮುದ್ರ, ಅರ್ಥಾತ್ ಕೆರೆ, ಅದರಲ್ಲಿ ತಕರಾರಿಲ್ಲ. ‘ತಿಪ್ಪ’ ಒಬ್ಬ ಮನುಷ್ಯನೆಂದು ಒಬ್ಬರು, ತಿಪ್ಪೆಯೇ ಎಂದು ಇನ್ನೊಬ್ಬರು. ತಿಪ್ಪೆಯಿಂದ ಸಗಣಿಗೆ, ಸಗಣಿಯಿಂದ ಬೆರಣಿಗೆ ಮಾತು ಹರಿಯಿತು. “ರಾಗಿ ಹೊಲಕ್ಕೆ ಹೋಗೋ ಗೊಬ್ಬರಾನ ಒಲೆಗೆ ಹಾಕ್ತೀಯಲ್ಲ, ನೀನೂ ಒಬ್ಬ ಬೇಸಾಯಗಾರನಾ?” ಎಂದರು ಒಬ್ಬರು. “ಹಾಕದೆ ಏನ್ ಮಾಡ್ಲಿ ಕಣಣ್ಣ? ನಿನ್ನ ನೀಲಗಿರಿ ಸೊಪ್ಪು ಧಗ್ ಅಂತ ಹತ್ತಿ ಬುಸ್ ಅಂತ ಆರೋಗ್ತದೆ. ಹಾಲು ಕಾಯೋಕೆ ಬೆರಣೀನೇ ಸರಿ” ಎಂದು ಉತ್ತರ. ಆಮೇಲೆ ಹುಣಿಸೆ ಸೌದೆಯ ಕಾವು, ಕಾಯಿಚಿಪ್ಪಿನ ಉರಿ, ಹೊಂಗೆಯೆಣ್ಣೆ ದೀಪದ ಮಂಕು, ಪಂಪ್ ಸ್ಟೌವಿನ ಬೋರ್ಗರೆತ ಎಲ್ಲವೂ ಒಂದೊಂದಾಗಿ ಬಂದವು.

ಸ್ವಾರಸ್ಯವೆಂದರೆ, ಹಾಸ್ಯದ ನಡುವೆ ಅವರು ಹೇಳಿದ್ದರಲ್ಲಿ ಬಹುಪಾಲು ಸರಿ. ಸೌದೆ ನೇರವಾಗಿ ಉರಿಯುವುದಿಲ್ಲ. ಮೊದಲು ಅದರ ನೀರು ಆವಿಯಾಗಬೇಕು. ಬಳಿಕ ಕಾವಿಗೆ ಹೊರಡುವ ಅನಿಲವೇ ಜ್ವಾಲೆಯಾಗುವುದು. ಉರಿಯದೆ ತಪ್ಪಿಸಿಕೊಂಡ ಅನಿಲ, ಮಸಿಗಳೇ ಹೊಗೆ. ಆ ಅನಿಲವನ್ನೆಲ್ಲ ಮೊದಲೇ ಕಳೆದುಕೊಂಡ ಇದ್ದಿಲು ಜ್ವಾಲೆಯಿಲ್ಲದೆ ಕೆಂಡವಾಗಿ ಕೂಡುತ್ತದೆ. ಬುಡ್ಡಿಯ ಬತ್ತಿಯಲ್ಲಿ ಹಳದಿ ಕಾಣುವುದು ಕಾದು ಬೆಳಗುವ ಮಸಿಯ ಕಣಗಳಿಂದ. ಪಂಪ್ ಸ್ಟೌವಿನಲ್ಲಿ ಅದೇ ಸೀಮೆಎಣ್ಣೆ ಆವಿಯಾಗಿ ಗಾಳಿಯೊಡನೆ ಬೆರೆತು ಉರಿಯುವುದರಿಂದ ನೀಲಿ. ಹೊಂಗೆಯೆಣ್ಣೆ ಮಂದ; ಬತ್ತಿ ಏರುವುದಕ್ಕೇ ಸೋಮಾರಿತನ.

ಈಗ ಸಾಹಿತ್ಯದ ಮಾತು. ಹರಟೆಗೆ ನಮ್ಮಲ್ಲಿ ದೊಡ್ಡ ಪರಂಪರೆಯಿದೆ. 1930ರಲ್ಲಿ ಗೊರೂರರ ‘ಹಳ್ಳಿಯ ಚಿತ್ರಗಳು’, 1937ರಲ್ಲಿ ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಬಂದವು. ವೈದ್ಯರಾಗಿದ್ದ ರಾಶಿಯವರ ‘ಕೊರವಂಜಿ’ 1942ರಿಂದ 1967ರವರೆಗೆ ನಾಡನ್ನು ನಗಿಸಿತು. ಅವರ ಹಿಂದೆ ಬಂದ ಅನುಕರಣಕಾರರು ಮಾತಿನ ಅಲೆದಾಟವನ್ನು ಕಲಿತರು, ಅಲೆದು ಒಂದು ವಸ್ತುವನ್ನು ಮುಟ್ಟುವುದನ್ನು ಕಲಿಯಲಿಲ್ಲ. ಕೊಡೆ, ಕನ್ನಡಕ, ಮರೆವು, ಹೆಂಡತಿಯ ಸೀರೆ—ಇವುಗಳ ಸುತ್ತಲೇ ಪ್ರದಕ್ಷಿಣೆ. ಸಗಣಿ ಗೊಬ್ಬರವೋ ಉರುವಲೋ ಎಂಬ ಜಗಲಿಯ ಜಗಳದಲ್ಲಿ ಒಂದು ಸಂಸಾರದ ಬಡತನವೇ ಅಡಗಿತ್ತು. ಅಂಥದ್ದು ಅಚ್ಚಿನ ಹರಟೆಯಲ್ಲಿ ಸಿಕ್ಕುವುದು ಅಪರೂಪ.

ಆದರೆ ತಿಪ್ಪಸಂದ್ರದ ಹರಟೆಗೂ ಒಂದು ಊನವಿತ್ತು. ಅದನ್ನು ತೋರಿಸಿದವರು ಒಳಗಿನಿಂದ ಕಾಫಿ ತಂದ ಅಜ್ಜಿ. “ಊದುಗೊಳವೆ ಹಿಡಿದೋರು ನಾವು, ಉರಿ ವಿಷಯ ಮಾತಾಡೋರು ನೀವು. ಹಸಿ ಸೌದೆ ತಂದು ಹಾಕಿದ್ ಯಾರು, ಅದನ್ನ ಹೇಳ್ರಪ್ಪ!” ನಾಲ್ವರೂ ನಕ್ಕರು, ಉತ್ತರ ಕೊಡಲಿಲ್ಲ.

ಹರಟೆ ಬಹುಮಟ್ಟಿಗೆ ಜಗಲಿಯ ಸಾಹಿತ್ಯ. ಕಾಫಿ ತಾನಾಗಿ ಬರುತ್ತದೆಂಬ ಭರವಸೆಯಿಂದ ಬರೆದದ್ದು. ‘ಕೊರವಂಜಿ’ಯಲ್ಲೇ ಬರೆದ ಟಿ. ಸುನಂದಮ್ಮನವರು ಮನೆವಾರ್ತೆಯನ್ನು ಒಳಗಿನಿಂದ ಕಂಡು ನಗಿಸಿದರು. ಅವರನ್ನು ‘ಮಹಿಳಾ ಹಾಸ್ಯ’ವೆಂಬ ಬೇರೆ ಗೂಡಿನಲ್ಲಿಟ್ಟು ಗೌರವಿಸಿದ ನಮ್ಮ ವಿಮರ್ಶೆ ಪ್ರಕಾರದ ನಡುಮನೆಗೆ ಕರೆಯಲಿಲ್ಲ. ಈ ವಿಷಯದಲ್ಲಿ ವಿಜ್ಞಾನಿಗಳೇ ವಾಸಿ. ಪಕ್ಕದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರದವರು ಅಡಿಗೆಮನೆಯ ಉರುವಲಿನ ಲೆಕ್ಕವನ್ನೇ ಅಧ್ಯಯನದ ವಸ್ತುವಾಗಿ ಮಾಡಿಕೊಂಡರು. ಅವರ ಚಿಮಣಿಯುಳ್ಳ ‘ಅಸ್ತ್ರ ಒಲೆ’ ಕರ್ನಾಟಕದ ಮನೆಗಳನ್ನು ಹೊಕ್ಕಿತು. ಕೆಮ್ಮು ಅವರಿಗೆ ಕಾಣಿಸಿತು, ನಮ್ಮ ಪ್ರಬಂಧಕಾರರಿಗೆ ಕಾಣಿಸಲಿಲ್ಲ.

ಮನೆಗೆ ಗ್ಯಾಸ್ ಬಂದಿದೆಯಲ್ಲ ಎಂದು ಅಜ್ಜಿಯನ್ನು ಕೇಳಿದೆ. ಬಂದಿದೆಯಂತೆ, ಹಂಡೆಯ ನೀರು ಮಾತ್ರ ಇನ್ನೂ ಸೌದೆಯಲ್ಲೇ. ಯಾವ ಸೌದೆ ಎಷ್ಟು ಹೊತ್ತು, ಯಾವುದು ಕಣ್ಣಿಗೆ ಕೆಟ್ಟದ್ದು ಎಂದು ಅವರು ಹೇಳತೊಡಗಿದರು. ಮಾಗಡಿ ಬಸ್ಸು ಬಂದದ್ದನ್ನು ನಾನು ಗಮನಿಸಲಿಲ್ಲ. ಮುಂದಿನ ಬಸ್ಸಿಗೆ ಕಾಯಬೇಕಾಯಿತು.