ನಂದೂರಿನ ಮಿಲ್ಲಿಗೆ ಬೈಂಡ್ ಬೇಕೇ?

ಲಿನಕ್ಸ್‌ನಲ್ಲಿ ಡಿಎನ್‌ಎಸ್ ಸರ್ವರ್ ಕೂಡಿಸುವುದು ಎಂದರೆ ನಮ್ಮ ತರಬೇತಿಗಳಲ್ಲಿ ಬೈಂಡ್ ಕೂಡಿಸುವುದು ಎಂದೇ ಅರ್ಥ. 1980ರ ದಶಕದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬರೆದದ್ದು; ಇಂದಿಗೂ ಗಟ್ಟಿ ತಂತ್ರಾಂಶ. ತಕರಾರಿರುವುದು ಅದರ ಮೇಲಲ್ಲ, ಅದನ್ನು ಎಲ್ಲ ಕಡೆಗೂ ಒಂದೇ ನಮೂನೆ ಕೂಡಿಸುವ ರೂಢಿಯ ಮೇಲೆ.

ನಂದೂರ–ಕೆಸರಟಗಿ ಕೈಗಾರಿಕಾ ಪ್ರದೇಶದಲ್ಲಿ ಒಂದು ತೊಗರಿ ಬೇಳೆ ಮಿಲ್ಲು ಇದೆ ಎಂದುಕೊಳ್ಳಿ. ಕಾಟಾದ ಕಂಪ್ಯೂಟರು, ಬಿಲ್ಲಿಂಗ್ ಕಂಪ್ಯೂಟರು, ಪ್ರಿಂಟರು. ರಸ್ತೆ ಅಗೆದು ಫೈಬರ್ ಕಡಿದ ದಿನವೂ ಲಾರಿ ತೂಕ ಬಿಲ್ಲಿಂಗಿಗೆ ಮುಟ್ಟಲೇಬೇಕು. ಇಷ್ಟಕ್ಕೆ ಡಿಎನ್‌ಎಸ್‌ಮಾಸ್ಕ್ ಎಂಬ ಚಿಕ್ಕ ತಂತ್ರಾಂಶ ಸಾಕು. ಹೋಸ್ಟ್ಸ್ ಕಡತದಲ್ಲಿ ಹೆಸರಿಗೊಂದು ಸಾಲು ಬರೆದರೆ ಮುಗಿಯಿತು. ಹೊರಗಿನ ಹೆಸರುಗಳಿಗೆ ಒಮ್ಮೆ ಸಿಕ್ಕ ಉತ್ತರವನ್ನು ಅವಧಿ ತೀರುವವರೆಗೆ ಅದೇ ನೆನಪಿಟ್ಟುಕೊಳ್ಳುತ್ತದೆ. ಒಳಗಿನ ಹೆಸರುಗಳ ಕೊನೆಗೆ '.ಲೋಕಲ್' ಹಚ್ಚುವ ಚಟ ಮಾತ್ರ ಬಿಡಬೇಕು, ಅದು ಬೇರೊಂದು ವ್ಯವಸ್ಥೆಗೆ ಮೀಸಲು. ಖಾಸಗಿ ಜಾಲಗಳಿಗೆಂದೇ ಐಕ್ಯಾನ್ 2024ರಲ್ಲಿ '.ಇಂಟರ್ನಲ್' ಬಿಟ್ಟುಕೊಟ್ಟಿದೆ.

ಇದೇ ಕೆಲಸ ಬೈಂಡ್‌ನಲ್ಲಿ ಮಾಡಿ ನೋಡಿ. ಝೋನ್ ಕಡತದಲ್ಲಿ 'ಕಾಟಾ.ಮಿಲ್.ಇಂಟರ್ನಲ್' ಎಂದು ಪೂರ್ತಿ ಹೆಸರು ಬರೆದು ಕೊನೆಯ ಚುಕ್ಕಿ ಮರೆತರೆ, ಅದು 'ಕಾಟಾ.ಮಿಲ್.ಇಂಟರ್ನಲ್.ಮಿಲ್.ಇಂಟರ್ನಲ್' ಆಗುತ್ತದೆ. ತಪಾಸಣೆಯ ಆದೇಶ ಕೊಟ್ಟರೂ 'ಓಕೆ' ಎಂದೇ ಬರುತ್ತದೆ, ಏಕೆಂದರೆ ವ್ಯಾಕರಣದ ಲೆಕ್ಕದಲ್ಲಿ ಅದು ತಪ್ಪೇ ಅಲ್ಲ. ಕಾಟಾದ ಹುಡುಗ ಮಾತ್ರ ಇಡೀ ದಿನ ಕೇಬಲ್ ತೆಗೆದು ಹಾಕುತ್ತ ಕೂಡುತ್ತಾನೆ.

ಇದಕ್ಕಿಂತ ಕೆಟ್ಟದ್ದು 'ಎನಿ' ಎಂಬ ಪದ. ಯಾರ ಪರವಾಗಿ ಹೊರಗೆ ಹೋಗಿ ಹುಡುಕಬೇಕು ಎಂಬುದನ್ನು ಬೈಂಡ್ ತಾನಾಗಿಯೇ ಸ್ವಂತ ಜಾಲಕ್ಕೆ ಸೀಮಿತಗೊಳಿಸಿಕೊಂಡಿರುತ್ತದೆ. ಪಾಠ ಹೇಳುವವರು ಅದನ್ನು ಅಳಿಸಿ, 'ಎನಿ', ಅಂದರೆ ಎಲ್ಲರಿಗೂ ಉತ್ತರ ಕೊಡು ಎಂದು ಬರೆಸುತ್ತಾರೆ, ಫೈರ್‌ವಾಲನ್ನೂ ಆಫ್ ಮಾಡಿಸುತ್ತಾರೆ. ಪಬ್ಲಿಕ್ ಐಪಿ ಇರುವ ಮಿಲ್ಲಿನಲ್ಲಿ ಇದರ ಫಲ ಘೋರ. ದಾಳಿಕೋರ ಇನ್ನೊಬ್ಬರ ವಿಳಾಸ ಹಾಕಿ ಸಣ್ಣ ಪ್ರಶ್ನೆ ಕಳಿಸುತ್ತಾನೆ, ಅದರ ಎಷ್ಟೋ ಪಟ್ಟು ದೊಡ್ಡ ಉತ್ತರ ನಂದೂರಿನಿಂದ ಹೋಗಿ ಆ ಅಮಾಯಕನ ಮೇಲೆ ಬೀಳುತ್ತದೆ. ಇದನ್ನು ತಿಳಿಸದೆ ಸರ್ವರ್ ಕಲಿಸಿದೆ ಎನ್ನುವುದನ್ನು ನಾನು ಒಪ್ಪಲಾರೆ.

ಬೈಂಡ್ ಕಲಿಯಲೇಬೇಕಾದವರು ಕಾಲೇಜು ಲ್ಯಾಬಿನ ಹುಡುಗರು: ಒಂದು ಯಂತ್ರದಿಂದ ಇನ್ನೊಂದಕ್ಕೆ ಝೋನ್ ಸಾಗಿಸಲು, ಡಿಎನ್‌ಎಸ್‌ಸೆಕ್ ಸಹಿ ಹಾಕಿ ನೋಡಲು ಅದರಷ್ಟು ಒಳ್ಳೆಯ ಸಾಧನ ಅಪರೂಪ. ಮಿಲ್ಲಿನ ಜಾಲತಾಣದ ಸಾರ್ವಜನಿಕ ಹೆಸರನ್ನಂತೂ ಮಿಲ್ಲಿನೊಳಗೆ ಇಡಲೇಬಾರದು. ಅದಕ್ಕೆ ಬೇರೆ ಬೇರೆ ಊರು, ಬೇರೆ ಬೇರೆ ಜಾಲದಲ್ಲಿ ಕನಿಷ್ಠ ಎರಡು ಸರ್ವರ್ ಇರಬೇಕೆಂಬ ಸಲಹೆ 1997ರಷ್ಟು ಹಳೆಯದು; ಡೊಮೇನ್ ಮಾರುವವರೇ ಸಾಮಾನ್ಯವಾಗಿ ಆ ಸೇವೆಯನ್ನೂ ಜೊತೆಗೆ ಕೊಡುತ್ತಾರೆ.