ಮರದ ಆತ್ಮ, ಮೇಜಿನ ಸಂದು

ಜಾರ್ಜ್ ನಕಾಶಿಮಾ ಅವರ ‘ದ ಸೋಲ್ ಆಫ್ ಎ ಟ್ರೀ’ (1981) ಕೃತಿಯನ್ನು ಓದುವಾಗ ಸಾಹಿತ್ಯದ ಸಂಶೋಧಕರಾದ ನಾವು ಶೀರ್ಷಿಕೆಯಲ್ಲಿರುವ ‘ಆತ್ಮ’ಕ್ಕೇ ಅಂಟಿಕೊಳ್ಳುತ್ತೇವೆ. ಲೇಖಕರು ವಾಸ್ತುಶಿಲ್ಪಿಯಾಗಿ ಪುದುಚೇರಿಯ ಅರವಿಂದಾಶ್ರಮದ ‘ಗೋಲ್ಕೊಂಡ’ ವಸತಿಗೃಹದ ನಿರ್ಮಾಣದಲ್ಲಿ ದುಡಿದವರು ಎಂಬ ವಿವರವೂ ಇಂಥ ಓದಿಗೆ ಇಂಬು ಕೊಡುತ್ತದೆ. ನನಗೆ ಈ ಓದು ಅರ್ಧದಲ್ಲೇ ನಿಂತಂತೆ ಕಾಣುತ್ತದೆ.

ಕಡಿದ ಮೇಲೂ ಮರ ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಹಲಗೆ ಉದ್ದದಲ್ಲಿ ಹೆಚ್ಚುಕಡಿಮೆ ಬದಲಾಗದು. ಅಗಲದಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಈ ಬದಲಾವಣೆ ಉಂಗುರಗಳನ್ನು ದಾಟುವ ದಿಕ್ಕಿನದಕ್ಕಿಂತ ಸುಮಾರು ಎರಡು ಪಟ್ಟು. ಪಾಲಿಶ್ ಇದನ್ನು ನಿಧಾನಗೊಳಿಸೀತು, ನಿಲ್ಲಿಸಲಾರದು. ಅದಕ್ಕೇ ಬಲ್ಲ ಬಡಗಿ ಬಾಗಿಲಿನ ಒಳಹಲಗೆಯನ್ನು ಚೌಕಟ್ಟಿಗೆ ಅಂಟಿಸದೆ ತೋಡಿನಲ್ಲಿ ಸಡಿಲವಾಗಿ ಕೂರಿಸುತ್ತಾನೆ. ಮೇಜಿನ ಹಲಗೆಯನ್ನು ಬಿಗಿಯುವ ಸ್ಕ್ರೂಗಳಿಗೆ ಅಗಲದ ದಿಕ್ಕಿನಲ್ಲಿ ನೀಳವಾದ ತೂತು ಕೊರೆಯುತ್ತಾನೆ. ಎಡೆ ಕೊಡದಿದ್ದರೆ ಹಲಗೆ ತಾನೇ ಸೀಳಿಕೊಳ್ಳುತ್ತದೆ.

ನಕಾಶಿಮಾ ಬಿರುಕನ್ನು ಮರೆಮಾಚಲಿಲ್ಲ. ಅದಕ್ಕೆ ಅಡ್ಡಲಾಗಿ ಚಿಟ್ಟೆಯಾಕಾರದ ಮರದ ತುಂಡು ಕೂರಿಸಿ, ಮುಂದೆ ಹರಡದಂತೆ ಹಿಡಿದರು. ಅವರ ಅಭಿಮಾನಿಗಳು ಆ ಚಿಟ್ಟೆಯನ್ನು ಕೊಂಡಾಡುತ್ತಾರೆ. ಮೇಜಿನಡಿ ಬಿಟ್ಟ ಸಂದಿನ ಬಗ್ಗೆ ಕೇಳುವವರು ಕಡಿಮೆ. ಮರಕ್ಕೆ ಆತ್ಮವಿದೆ ಎಂಬ ಮಾತಿನ ಪರೀಕ್ಷೆ ನಡೆಯುವುದು ಅಲ್ಲಿ, ಕೆಲವೇ ಮಿಲಿಮೀಟರುಗಳಲ್ಲಿ. ‘ಕೊರಡು’ ಎಂದೊಡನೆ ನಿರ್ಜೀವವೆಂದು ಬರೆದುಬಿಡುವ ನಮ್ಮ ವಿಮರ್ಶೆ ಈ ಪುಸ್ತಕವನ್ನು ಒಮ್ಮೆ ಬಡಗಿಯ ಪಕ್ಕ ಕೂತು ಓದಬೇಕು.