ಸಿರೋಸಿಸ್‌ಗೆ ಅಂಕ ಕೊಡುವ ಸೂತ್ರಗಳು

ರಕ್ತ ತಪಾಸಣೆಯ ವರದಿಯಲ್ಲಿ 'ಲಿವರ್ ಫಂಕ್ಷನ್ ಟೆಸ್ಟ್' ಎಂಬ ತಲೆಬರಹವನ್ನು ನೀವು ನೋಡಿರಬಹುದು. ಆ ಹೆಸರೇ ಅಷ್ಟು ಸರಿಯಲ್ಲ. ಅದರಲ್ಲಿ ಬರುವ ಎ.ಎಲ್.ಟಿ., ಎ.ಎಸ್.ಟಿ. ಕಿಣ್ವಗಳು ಯಕೃತ್ತಿನ ಕೋಶಗಳಿಗೆ ಪೆಟ್ಟುಬಿದ್ದಾಗ ರಕ್ತಕ್ಕೆ ಸೋರುವಂಥವು. ಹಾನಿಯನ್ನು ತಿಳಿಸುತ್ತವೆ, ಕಾರ್ಯಕ್ಷಮತೆಯನ್ನಲ್ಲ. ಯಕೃತ್ತು ನಾರುಗಟ್ಟಿ ಸಿರೋಸಿಸ್ ಹಂತ ತಲಪಿದ ಮೇಲೂ ಇವು ಸಹಜ ಮಿತಿಯೊಳಗೇ ಇರಬಹುದು. ಕೆಲಸದ ಲೆಕ್ಕ ಕೊಡುವವು ಬೇರೆ: ಯಕೃತ್ತು ತಯಾರಿಸುವ ಆಲ್ಬುಮಿನ್ ಮತ್ತು ರಕ್ತ ಹೆಪ್ಪುಗಟ್ಟಿಸುವ ಘಟಕಗಳು, ಅದು ಹೊರಹಾಕಬೇಕಾದ ಬಿಲಿರುಬಿನ್. ಆಲ್ಬುಮಿನ್‌ನ ಅರ್ಧಾಯು ಸುಮಾರು 20 ದಿನ. ಹೆಪ್ಪುಗಟ್ಟಿಸುವ ಏಳನೆಯ ಘಟಕದ್ದು ಸುಮಾರು 6 ಗಂಟೆ. ಆದ್ದರಿಂದ ನಿನ್ನೆ ಮೊನ್ನೆಯ ಹದಗೆಡುವಿಕೆ ಆಲ್ಬುಮಿನ್‌ನಲ್ಲಿ ಕಾಣದು.

ನಾರುಗಟ್ಟುವಿಕೆಯನ್ನು ಊಹಿಸಲು 2006ರಲ್ಲಿ ಬಂದ ಫಿಬ್-4 ಸೂತ್ರ ಸರಳ: ವಯಸ್ಸು ಮತ್ತು ಎ.ಎಸ್.ಟಿ.ಯ ಗುಣಲಬ್ಧವನ್ನು, ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎ.ಎಲ್.ಟಿ.ಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಬೇಕು. ಎ.ಎಸ್.ಟಿ. 40, ಎ.ಎಲ್.ಟಿ. 36, ಪ್ಲೇಟ್‌ಲೆಟ್ 2 ಲಕ್ಷ (ಸೂತ್ರದಲ್ಲಿ 200 ಎಂದು ಹಾಕಬೇಕು) ಇರಲಿ. 30ರ ಯುವಕನಿಗೆ ಉತ್ತರ 1.0, 70ರ ಅಜ್ಜನಿಗೆ 2.33. ರಕ್ತ ಒಂದೇ, ತೀರ್ಪು ಬೇರೆ! ಕೊಬ್ಬಿನ ಯಕೃತ್ತಿನ ರೋಗದಲ್ಲಿ 1.3ರ ಕೆಳಗಿದ್ದರೆ ನಿಶ್ಚಿಂತೆ ಎನ್ನುತ್ತಾರೆ. 65 ದಾಟಿದವರಿಗೆ ಈ ಗಡಿಯನ್ನು 2.0ಕ್ಕೆ ಏರಿಸಿದ್ದಾರೆ, ನಮ್ಮ ಅಜ್ಜ ಅದನ್ನೂ ದಾಟಿ ಸಂದೇಹದ ವಲಯದಲ್ಲೇ ಉಳಿಯುತ್ತಾನೆ.

ರೋಗದ ತೀವ್ರತೆ ಅಳೆಯುವ ಚೈಲ್ಡ್-ಪ್ಯೂ ಅಂಕ (1973) ಮೆಟ್ಟಿಲಿನಂಥದು. ಬಿಲಿರುಬಿನ್ 2.9 ಇದ್ದರೆ 2 ಅಂಕ, 3.1 ಇದ್ದರೆ 3; ಆದರೆ 3.1ಕ್ಕೂ 30ಕ್ಕೂ ಅಂಕ ಒಂದೇ.

ಈ ದೋಷವನ್ನು ಮೆಲ್ಡ್ ಸೂತ್ರ ಲಾಗರಿತಮ್ ಬಳಸಿ ನಿವಾರಿಸಿತು. ಬಿಲಿರುಬಿನ್ ಎಲ್ಲಿಂದ ಇಮ್ಮಡಿಯಾದರೂ ಏರುವುದು ಸುಮಾರು 2.6 ಅಂಕ. ಅಮೆರಿಕದಲ್ಲಿ 2002ರಿಂದ ಕಸಿಗೆ ಯಕೃತ್ತು ಯಾರಿಗೆ ಮೊದಲು ಎಂಬುದನ್ನು ಇದೇ ನಿರ್ಧರಿಸತೊಡಗಿತು. ಅಂದಮೇಲೆ ಒಂದೆರಡು ಅಂಕವೆಂದರೆ ಸಾವು ಬದುಕಿನ ಪ್ರಶ್ನೆ. ಸೂತ್ರದ ಮೂರನೆಯ ಅಂಶ ಕ್ರಿಯಾಟಿನಿನ್; ಅದು ಹುಟ್ಟುವುದು ಸ್ನಾಯುವಿನಿಂದ. ಸ್ನಾಯು ಕಡಿಮೆಯಿರುವ ಮಹಿಳೆಯ ಮೂತ್ರಪಿಂಡ ಅಷ್ಟೇ ಕೆಟ್ಟಿದ್ದರೂ ಕ್ರಿಯಾಟಿನಿನ್ ಕಡಿಮೆ ತೋರುತ್ತದೆ. ಪುರುಷನಿಗೆ 1.5 ಇರುವಲ್ಲಿ ಅವಳಿಗೆ 1.2 ಎಂದಿಟ್ಟುಕೊಂಡರೆ, ಎರಡು ಅಂಕ ಖೋತಾ. ಮೆಲ್ಡ್ ಬಂದ ಮೇಲೆ ಕಾಯುವ ಪಟ್ಟಿಯಲ್ಲಿ ಮಹಿಳೆಯರು ಹೆಚ್ಚು ಸಾಯುತ್ತಿದ್ದಾರೆಂದು 2008ರಲ್ಲೇ ಪ್ರಕಟವಾಗಿತ್ತು. ಅವರಿಗೆ 1.33 ಅಂಕ ಸೇರಿಸುವ ಮೆಲ್ಡ್ 3.0 ಜಾರಿಗೆ ಬಂದದ್ದು 2023ರ ಜುಲೈಯಲ್ಲಿ. ಇಷ್ಟು ತಡವೇಕೆ?

ಇನ್ನೊಂದು ತಕರಾರು ಐ.ಎನ್.ಆರ್. ಕುರಿತದ್ದು. ಹೆಪ್ಪುಗಟ್ಟುವ ಕಾಲದ ಈ ಮಾನಕವನ್ನು ಹೊಂದಿಸಿದ್ದು ವಾರ್ಫರಿನ್ ಸೇವಿಸುವವರಿಗಾಗಿ. ಯಕೃತ್ತಿನ ರೋಗಿಯ ಒಂದೇ ರಕ್ತಕ್ಕೆ ಎರಡು ಪ್ರಯೋಗಾಲಯಗಳು ಬೇರೆ ಬೇರೆ ಬೆಲೆ ಕೊಡಬಹುದು. 1.5 ಮತ್ತು 1.8 ಬಂದರೆ ಹಳೆಯ ಸೂತ್ರದಲ್ಲಿ ಅಂತರ 2 ಅಂಕ. ಹೊಸದರಲ್ಲಿ ಗುಣಾಂಕವನ್ನು 11.2ರಿಂದ 9.09ಕ್ಕೆ ಇಳಿಸಿದ್ದಾರೆ, ಅಂತರ ಈಗಲೂ 1.66, ಮಹಿಳೆಯರಿಗೆ ಸೇರಿಸಿದ್ದಕ್ಕಿಂತ ಹೆಚ್ಚು.